ವೈದ್ಯರ ಮೇಲೆ ದೂರು ಕೊಟ್ಟರೆ ತನಿಖೆ ಮಾಡುವವರು ಯಾರು, ಅವರ ಅಧಿಕಾರ ಎಲ್ಲಿಯವರೆಗೆ?

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಚಿಕಿತ್ಸೆಯಲ್ಲಿ ಏನೋ ಎಡವಟ್ಟಾಗಿದೆ ಎಂದು ಮನೆಯವರಿಗೆ ಅನ್ನಿಸಿದಾಗ ನಡೆಯುವುದು ಹೆಚ್ಚುಕಡಿಮೆ ಒಂದೇ ರೀತಿ. ಮೊದಲು ಆಸ್ಪತ್ರೆ ಮುಂದೆ ಗಲಾಟೆ. ಆಮೇಲೆ ಪೊಲೀಸ್ ಠಾಣೆ. ನಡುವೆ ಯಾರೋ ಮುಖಂಡರು ಬಂದು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ಬಿಲ್ಲಿನಲ್ಲಿ ಒಂದಿಷ್ಟು ಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಕೆಲವರು ಬಿಡದೆ ಜಿಲ್ಲಾಧಿಕಾರಿಗೆ ಮನವಿ ಕೊಡುತ್ತಾರೆ. ಇನ್ನೂ ಕೆಲವರು ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ದೂರು ಬರೆದು, ಅಲ್ಲಿಂದ ಅಧಿಕಾರಿಗಳ ತಂಡ ಬಂದು ಆಸ್ಪತ್ರೆಯ ಕಪಾಟು ತೆಗೆಸಿ ಕಾಗದ ಹುಡುಕುತ್ತದೆ ಎಂದು ತಿಂಗಳುಗಟ್ಟಲೆ ಕಾಯುತ್ತಾರೆ.

ಆ ತಂಡ ಬರುವುದಿಲ್ಲ. ಕೌನ್ಸಿಲ್‌ನವರು ಸೋಮಾರಿಗಳು ಎಂದಲ್ಲ. ಅದರ ಅಧಿಕಾರ ಇರುವ ರೀತಿಯೇ ಬೇರೆ. ದಾಳಿ ಮಾಡುವ ಅಧಿಕಾರ, ಆಸ್ಪತ್ರೆ ಮುಚ್ಚಿಸುವ ಅಧಿಕಾರ, ಪರಿಹಾರ ಕೊಡಿಸುವ ಅಧಿಕಾರ, ಜೈಲಿಗೆ ಕಳಿಸುವ ಅಧಿಕಾರ, ವೈದ್ಯರ ನೋಂದಣಿ ಕಿತ್ತುಕೊಳ್ಳುವ ಅಧಿಕಾರ - ಇವೆಲ್ಲ ನಮ್ಮ ದೇಶದಲ್ಲಿ ಒಬ್ಬರ ಕೈಯಲ್ಲಿಲ್ಲ. ಒಂದೊಂದು ಒಂದೊಂದು ಕಡೆ ಇದೆ. ಯಾವ ಬಾಗಿಲಲ್ಲಿ ಏನು ಸಿಗುತ್ತದೆ ಎಂದು ಗೊತ್ತಿಲ್ಲದೆ ತಟ್ಟಿದರೆ ವರ್ಷ ಹೋಗುತ್ತದೆ, ದುಡ್ಡು ಹೋಗುತ್ತದೆ, ಕೈಗೆ ಒಂದು ಸ್ವೀಕೃತಿ ಪತ್ರ ಬಿಟ್ಟು ಬೇರೇನೂ ಬರುವುದಿಲ್ಲ.

ಮೊದಲು ಕೌನ್ಸಿಲ್ ಏನು ಅಂತ ನೋಡೋಣ. ಎಂಬಿಬಿಎಸ್ ಮುಗಿಸಿ, ಒಂದು ವರ್ಷದ ಹೌಸ್ ಸರ್ಜನ್ಸಿ ಮಾಡಿದವರು ನೇರವಾಗಿ ಬೋರ್ಡ್ ಹಾಕಿಕೊಳ್ಳುವಂತಿಲ್ಲ. ಮೆಡಿಕಲ್ ಕೌನ್ಸಿಲ್‌ನ ರಿಜಿಸ್ಟರ್‌ನಲ್ಲಿ ಹೆಸರು ಬರೆಸಬೇಕು. ನಮ್ಮ ರಾಜ್ಯದಲ್ಲಿ ಈ ರಿಜಿಸ್ಟರ್ ಇಡುವುದು 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯ ಕೆಳಗೆ ಬರುವ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಅದರ ಶಕ್ತಿಯೆಲ್ಲ ಈ ರಿಜಿಸ್ಟರ್‌ನಿಂದಲೇ ಬರುತ್ತದೆ. ಎಚ್ಚರಿಕೆ ಕೊಡಬಹುದು, ಇಂತಿಷ್ಟು ಕಾಲ ಹೆಸರು ತೆಗೆಯಬಹುದು, ಶಾಶ್ವತವಾಗಿ ತೆಗೆಯಬಹುದು. ಹೆಸರಿಲ್ಲದೆ ವೈದ್ಯ ವೃತ್ತಿ ಮಾಡಿದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಂ ಪ್ರಕಾರ 1 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹಾಗಾಗಿ ಹೆಸರು ತೆಗೆಯುವುದು ಸಣ್ಣ ಶಿಕ್ಷೆ ಅಲ್ಲ. ಹತ್ತಿಪ್ಪತ್ತು ವರ್ಷ ಕಟ್ಟಿದ ಪ್ರಾಕ್ಟೀಸ್ ಒಂದೇ ಆದೇಶದಿಂದ ನಿಲ್ಲುತ್ತದೆ. ಆದರೆ ಕೌನ್ಸಿಲ್ ನಿಮಗೆ ಒಂದು ರೂಪಾಯಿ ಪರಿಹಾರವನ್ನೂ ಕೊಡಿಸಲಾರದು. ಯಾರನ್ನೂ ಜೈಲಿಗೆ ಕಳಿಸಲಾರದು.

ಇದರ ಮೇಲೆ ದೆಹಲಿಯಲ್ಲಿ ಮೊದಲು ಭಾರತೀಯ ವೈದ್ಯಕೀಯ ಪರಿಷತ್ತು ಇತ್ತು. 2019ರಲ್ಲಿ ಹೊಸ ಕಾಯ್ದೆ ಬಂದು, 2020ರ ಸೆಪ್ಟೆಂಬರ್ 25ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೆಲಸ ಶುರು ಮಾಡಿತು. ಅದರೊಳಗೆ ನಾಲ್ಕು ಮಂಡಳಿಗಳಿವೆ. ನಮ್ಮ ವಿಷಯಕ್ಕೆ ಬೇಕಾದದ್ದು ನೀತಿ ಮತ್ತು ವೈದ್ಯಕೀಯ ನೋಂದಣಿ ಮಂಡಳಿ. ರಾಜ್ಯ ಕೌನ್ಸಿಲ್‌ನ ತೀರ್ಪಿನ ಮೇಲೆ ಮೇಲ್ಮನವಿ ಕೇಳುವುದು ಇದೇ. ವೈದ್ಯರು ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವ ನಿಯಮಗಳು ಮಾತ್ರ ಹಳೆಯವೇ, 2002ರವು. 2023ರ ಆಗಸ್ಟ್ 2ರಂದು ಹೊಸ ನಿಯಮ ಪ್ರಕಟವಾಗಿತ್ತು. ವೈದ್ಯರ ಸಂಘಗಳಿಂದ ಜೋರು ವಿರೋಧ ಬಂತು. ಮೂರು ವಾರದಲ್ಲಿ ಅದನ್ನು ತಡೆಹಿಡಿದು, 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತಂದರು. ಮುಂದೆ ನಾನು ನಿಯಮ ಎಂದಾಗಲೆಲ್ಲ ಈ 2002ರ ನಿಯಮ ಎಂದೇ ತಿಳಿಯಿರಿ.

ಈಗ ತನಿಖೆಯ ವಿಷಯ. ದೂರು ಬಂದಾಗ ಕೌನ್ಸಿಲ್ ಅದನ್ನು ಓದಿ, ಮೇಲ್ನೋಟಕ್ಕೆ ವಿಷಯ ಇದೆ ಅನ್ನಿಸಿದರೆ ವೈದ್ಯರಿಗೆ ನೋಟಿಸ್ ಕಳಿಸುತ್ತದೆ. ವೈದ್ಯರು ಬರಹದಲ್ಲಿ ಉತ್ತರ ಕೊಡುತ್ತಾರೆ, ಕೇಸ್ ಶೀಟ್ ಸಲ್ಲಿಸುತ್ತಾರೆ. ಆಮೇಲೆ ಎರಡೂ ಕಡೆಯವರನ್ನು ಕರೆದು ವಿಚಾರಣೆ ನಡೆಸುತ್ತದೆ. ವೈದ್ಯರು ಸ್ವತಃ ಬಂದು ಅಥವಾ ವಕೀಲರ ಮೂಲಕ ತಮ್ಮ ಮಾತು ಹೇಳಬಹುದು. ವೈದ್ಯರಿಗೆ ಆ ಕೆಲಸ ಬರುತ್ತಿರಲಿಲ್ಲ ಎಂಬ ಆರೋಪ ಇದ್ದರೆ, ಅದನ್ನು ಅದೇ ವೃತ್ತಿಯ ತಜ್ಞರೇ ಅಳೆಯಬೇಕು ಎಂದು ನಿಯಮ ಹೇಳುತ್ತದೆ. ದೂರು 6 ತಿಂಗಳಲ್ಲಿ ತೀರ್ಮಾನವಾಗಬೇಕು ಎಂದೂ ನಿಯಮದಲ್ಲಿದೆ. ಕಾಗದದ ಮೇಲೆ ಇದು ಚೆನ್ನಾಗಿದೆ. ವಾಸ್ತವದಲ್ಲಿ ಎಷ್ಟೋ ದೂರುಗಳು ಆ ಗಡುವು ದಾಟುತ್ತವೆ. ಹಾಗೆ ದಾಟಿದಾಗ ದೆಹಲಿಯವರು ರಾಜ್ಯ ಕೌನ್ಸಿಲ್‌ಗೆ ಬೇಗ ಮುಗಿಸಿ ಎಂದು ಹೇಳಲು, ಇಲ್ಲವೇ ಪ್ರಕರಣವನ್ನೇ ತಮ್ಮ ಕಡೆ ಎಳೆದುಕೊಳ್ಳಲು ಅವಕಾಶವಿದೆ. ಆರು ತಿಂಗಳಾದ ಮೇಲೆ ಇದನ್ನು ಕೇಳಿ ಒಂದು ಪತ್ರ ಬರೆಯುವುದಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ.

ಇನ್ನೊಂದು ಅಧಿಕಾರ ಇದೆ, ಅದನ್ನು ಬಹಳ ಜನ ಕೇಳಿಯೇ ಇರುವುದಿಲ್ಲ. ದೂರು ಬಾಕಿ ಇರುವಾಗಲೇ, ಯಾವ ಆಪರೇಷನ್ ಅಥವಾ ಯಾವ ಚಿಕಿತ್ಸೆಯ ಬಗ್ಗೆ ದೂರು ಬಂದಿದೆಯೋ ಅದನ್ನು ಮಾಡದಂತೆ ಕೌನ್ಸಿಲ್ ಆ ವೈದ್ಯರನ್ನು ತಡೆಯಬಹುದು. ನಿಯಮ 8.5 ಇದು. ಒಬ್ಬರೇ ವೈದ್ಯರಿಂದ ಒಂದೇ ರೀತಿಯ ಅನಾಹುತ ಮತ್ತೆ ಮತ್ತೆ ಆಗುತ್ತಿದೆ ಎಂದು ತೋರಿಸುವ ಕಾಗದ ನಿಮ್ಮ ಬಳಿ ಇದ್ದರೆ ದೂರಿನಲ್ಲೇ ಈ ತಡೆಯನ್ನು ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ತಾನಾಗಿ ಆಗುತ್ತದೆ ಎಂದು ನಂಬಿ ಕೂರಬೇಡಿ.

ಆದರೆ ಇಡೀ ವ್ಯವಸ್ಥೆಯ ಗುಟ್ಟು ಇರುವುದು ನಿಯಮ 8.1ರಲ್ಲಿ. ಕೌನ್ಸಿಲ್‌ಗಳು ತಮ್ಮ ಮುಂದೆ ತಂದ ಸಂಗತಿಗಳನ್ನು ನೋಡಿ ತೀರ್ಮಾನಿಸಬೇಕು ಎನ್ನುತ್ತದೆ ಅದು. ತಮ್ಮ ಮುಂದೆ ತಂದದ್ದು. ಅಂದರೆ ಯಾರಾದರೂ ತರಬೇಕು. ಊರ ಕಟ್ಟೆಯ ಮೇಲೆ ಕೂತ ಪಂಚರು ಎರಡೂ ಕಡೆಯವರು ಹೇಳಿದ್ದು, ತೋರಿಸಿದ್ದು ಕೇಳಿ ನ್ಯಾಯ ಹೇಳುತ್ತಾರಲ್ಲ, ಮನೆಮನೆ ಹೊಕ್ಕು ಹುಡುಕುವುದಿಲ್ಲವಲ್ಲ, ಕೌನ್ಸಿಲ್ ಕೆಲಸವೂ ಬಹುಮಟ್ಟಿಗೆ ಹಾಗೇ. ಅದಕ್ಕೆ ತನ್ನದೇ ತನಿಖಾ ಪಡೆ ಇಲ್ಲ. ಆಸ್ಪತ್ರೆ ನುಗ್ಗಿ ಕಂಪ್ಯೂಟರ್ ಜಪ್ತಿ ಮಾಡುವ ಅಧಿಕಾರಿಗಳಿಲ್ಲ.

ಬೇರೆ ದೇಶಗಳಲ್ಲಿ ಹೀಗಿಲ್ಲ. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಉದಾಹರಣೆ ತಗೊಳ್ಳಿ. ಅಲ್ಲಿನ 1983ರ ಮೆಡಿಕಲ್ ಕಾಯ್ದೆಯ 35ಎ ಕಲಂ ಪ್ರಕಾರ, ತನಿಖೆಗೆ ಬೇಕಾದ ಮಾಹಿತಿಯನ್ನು ಕೌನ್ಸಿಲ್ ಆಸ್ಪತ್ರೆಯಿಂದ ಕೂಡ ಕೇಳಿ ಪಡೆಯಬಹುದು. ರೋಗಿಯೇ ಎಲ್ಲ ಕಾಗದ ಹೊತ್ತು ತರಬೇಕಾಗಿಲ್ಲ. ಅಪಾಯ ಇದೆ ಅನ್ನಿಸಿದರೆ ತೀರ್ಪಿಗೆ ಮೊದಲೇ ಮಧ್ಯಂತರ ನ್ಯಾಯಮಂಡಳಿ ವೈದ್ಯರನ್ನು 18 ತಿಂಗಳವರೆಗೆ ಅಮಾನತಿನಲ್ಲಿ ಇಡಬಹುದು. ಆಸ್ಟ್ರೇಲಿಯಾದಲ್ಲಿ 2010ರಿಂದ ಇಡೀ ದೇಶಕ್ಕೆ ಒಂದೇ ನೋಂದಣಿ ವ್ಯವಸ್ಥೆ ಇದೆ. ಅಲ್ಲಿ ತನಿಖಾಧಿಕಾರಿಗಳನ್ನೇ ನೇಮಿಸಿರುತ್ತಾರೆ, ವಾರಂಟ್ ಇದ್ದರೆ ಕ್ಲಿನಿಕ್ ಒಳಗೆ ಹೋಗಿ ಶೋಧಿಸುತ್ತಾರೆ. ಅವರಿಗೂ ಈ ಬುದ್ಧಿ ಸುಮ್ನೆ ಬರಲಿಲ್ಲ. ಬ್ರಿಟನ್ನಿನಲ್ಲಿ ಹೆರಾಲ್ಡ್ ಶಿಪ್‌ಮನ್ ಎಂಬ ವೈದ್ಯ ತನ್ನ ರೋಗಿಗಳನ್ನೇ ಕೊಂದದ್ದು 2000ದ ಜನವರಿಯಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ಆಮೇಲೆ ನಡೆದ ವಿಚಾರಣಾ ಆಯೋಗ 2004ರ ವರದಿಯಲ್ಲಿ ಕೌನ್ಸಿಲ್ ರೋಗಿಗಳಿಗಿಂತ ವೈದ್ಯರ ಕಡೆ ನೋಡುತ್ತಿತ್ತು ಎಂದು ಕಟುವಾಗಿ ಟೀಕಿಸಿತು. ಬಳಿಕ ಆರೋಪ ಹೊರಿಸುವವರೂ ತೀರ್ಪು ಕೊಡುವವರೂ ಬೇರೆಬೇರೆ ಇರಲಿ ಎಂದು 2012ರಲ್ಲಿ ಪ್ರತ್ಯೇಕ ನ್ಯಾಯಮಂಡಳಿ ಸೇವೆ ಶುರುವಾಯಿತು. ನಮ್ಮಲ್ಲಿ ದೂರು ಪರಿಶೀಲಿಸುವುದು, ವಿಚಾರಣೆ ನಡೆಸುವುದು, ತೀರ್ಪು ಕೊಡುವುದು ಎಲ್ಲ ಒಂದೇ ಕೌನ್ಸಿಲ್. ಅದರ ಸದಸ್ಯರು ಬಹುತೇಕ ವೈದ್ಯರೇ. ಇದು ಬದಲಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬದಲಾಗುವವರೆಗೆ ಏನು ಮಾಡುವುದು? ಕಾಗದ ನಾವೇ ತರಬೇಕು. ಇದಕ್ಕೆ ನಿಯಮವೇ ಒಂದು ದಾರಿ ಕೊಟ್ಟಿದೆ, ಅದು 72 ಗಂಟೆಯ ನಿಯಮ. ಒಳರೋಗಿಯಾಗಿ ಸೇರಿದವರ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಂಡಿರಬೇಕು. ರೋಗಿ ಅಥವಾ ರೋಗಿ ಒಪ್ಪಿಗೆ ಕೊಟ್ಟವರು ಕೇಳಿದರೆ, ಕೇಳಿದ್ದಕ್ಕೆ ಸ್ವೀಕೃತಿ ಕೊಟ್ಟು, 72 ಗಂಟೆಯೊಳಗೆ ಪ್ರತಿ ಕೊಡಬೇಕು. ಕೊಡದಿದ್ದರೆ ಅದೇ ಒಂದು ದುರ್ನಡತೆ, ನಿಯಮ 7.2. ಇದರ ಬಲ ಎಲ್ಲಿದೆ ನೋಡಿ. ಚಿಕಿತ್ಸೆ ಸರಿಯೋ ತಪ್ಪೋ ಎಂದು ಸಾಬೀತು ಮಾಡಲು ತಜ್ಞರು ಬೇಕು, ವಾದ ಬೇಕು. ದಾಖಲೆ ಕೊಡಲಿಲ್ಲ ಎಂದು ಸಾಬೀತು ಮಾಡಲು ನೀವು ಕೇಳಿದ ಪತ್ರ, ಅದರ ತಾರೀಖು, ಅದು ಮುಟ್ಟಿದ್ದಕ್ಕೆ ಸಾಕ್ಷಿ ಇದ್ದರೆ ಸಾಕು.

ಕೇಳುವಾಗ ಡಿಸ್ಚಾರ್ಜ್ ಸಮ್ಮರಿ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ಅದು ಕೊನೆಗೆ ಬರೆದ ಸಾರಾಂಶ, ಅಷ್ಟೇ. ನಿಜವಾದ ಕಥೆ ಇರುವುದು ಕೇಸ್ ಶೀಟ್‌ನಲ್ಲಿ. ಡಾಕ್ಟರು ಎಷ್ಟು ಹೊತ್ತಿಗೆ ನೋಡಿದರು, ನರ್ಸ್ ಎಷ್ಟು ಹೊತ್ತಿಗೆ ಬಿಪಿ ಬರೆದರು, ಯಾವ ಇಂಜೆಕ್ಷನ್ ಯಾವಾಗ ಕೊಟ್ಟರು, ಆಪರೇಷನ್ ಟಿಪ್ಪಣಿ, ಅರಿವಳಿಕೆ ಕೊಟ್ಟವರ ಟಿಪ್ಪಣಿ, ಲ್ಯಾಬ್ ರಿಪೋರ್ಟ್, ಸ್ಕ್ಯಾನಿಂಗ್ ಚಿತ್ರ, ನೀವು ಸಹಿ ಹಾಕಿದ ಒಪ್ಪಿಗೆ ಪತ್ರ, ಬಿಲ್ಲು. ಒಂದೊಂದನ್ನೂ ಹೆಸರಿಟ್ಟು ಕೇಳಿ. ಬಾಯಲ್ಲಿ ಕೇಳಿದರೆ ಲೆಕ್ಕಕ್ಕಿಲ್ಲ. ಎರಡು ಪ್ರತಿ ಬರೆದು, ಒಂದರ ಮೇಲೆ ಆಸ್ಪತ್ರೆಯ ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳಿಸಿ. ಸರ್ಕಾರಿ ಆಸ್ಪತ್ರೆಯಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿಯೂ ನಿಮ್ಮದೇ ದಾಖಲೆ ಕೇಳಬಹುದು. ಗಲಾಟೆಯ ದಿನವೇ ಇದನ್ನು ಮಾಡುವುದು ಒಳ್ಳೆಯದು. ಸಿಟ್ಟಿನಲ್ಲಿ ಕಲ್ಲು ಎತ್ತಿದರೆ ಮರುದಿನ ಪ್ರಕರಣ ನಮ್ಮ ಮೇಲೆಯೇ ತಿರುಗುತ್ತದೆ.

ಸಾವು ಆಗಿದ್ದರೆ ಇನ್ನೊಂದು ಕಷ್ಟದ ಮಾತು ಹೇಳಲೇಬೇಕು. ಮರಣೋತ್ತರ ಪರೀಕ್ಷೆ. ನಮ್ಮಲ್ಲಿ ಇದಕ್ಕೆ ಒಪ್ಪುವವರು ಕಡಿಮೆ. ದೇಹ ಕೊಯ್ಯಿಸಬಾರದು ಎಂಬ ನೋವು ಯಾರಿಗೂ ಅರ್ಥವಾಗುವಂಥದ್ದೇ. ಆದರೆ ಸಾವಿನ ಕಾರಣ ಬರಹದಲ್ಲಿ ಇಲ್ಲದಿದ್ದರೆ ಮುಂದೆ ಕೌನ್ಸಿಲ್ ಇರಲಿ, ಪೊಲೀಸರಿರಲಿ, ಗ್ರಾಹಕ ಆಯೋಗವಿರಲಿ, ಎಲ್ಲ ಕಡೆ ಅದೇ ಪ್ರಶ್ನೆ ಎದುರಾಗುತ್ತದೆ.

ದಾಖಲೆ ಎಷ್ಟು ಮುಖ್ಯ ಎಂದು ತಿಳಿಯಲು ಕಲಬುರಗಿ ಜಿಲ್ಲೆ ಬಿಟ್ಟು ದೂರ ಹೋಗಬೇಕಾಗಿಲ್ಲ. 2015ರಲ್ಲಿ ಇಲ್ಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ಹೊಟ್ಟೆನೋವು, ಬೆನ್ನುನೋವು ಎಂದು ಖಾಸಗಿ ಆಸ್ಪತ್ರೆಗೆ ಹೋಗಿ ಗರ್ಭಕೋಶ ಕಳೆದುಕೊಂಡು ಬಂದ ವಿಷಯ ಬಯಲಿಗೆ ಬಂತು. ಅವರಲ್ಲಿ ಎಷ್ಟೋ ಮಂದಿ ಇನ್ನೂ ಚಿಕ್ಕ ವಯಸ್ಸಿನವರು. ಗರ್ಭಕೋಶ ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದರು ಎಂದು ಮಹಿಳೆಯರು ಹೇಳಿದರು. ಆರೋಗ್ಯ ಇಲಾಖೆ ತನಿಖೆ ನಡೆಸಿತು, ಆಸ್ಪತ್ರೆಗಳ ದಾಖಲೆ ತರಿಸಿ ನೋಡಿತು. ಅನಗತ್ಯ ಆಪರೇಷನ್‌ಗಳು ನಡೆದಿವೆ ಎಂಬುದು ಹೊರಬಂತು. ಕೆಲವು ಆಸ್ಪತ್ರೆಗಳ ಪರವಾನಗಿ ಮೇಲೆ ಕ್ರಮದ ಆದೇಶವೂ ಆಯಿತು. ಇಷ್ಟಾದರೂ 2017ರಲ್ಲಿ ಆ ಹೆಣ್ಣುಮಕ್ಕಳು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತು ನ್ಯಾಯ ಕೇಳಬೇಕಾಯಿತು.

ಈ ಪ್ರಕರಣದಲ್ಲಿ ಅಧಿಕಾರ ಹಂಚಿಹೋಗಿರುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಆಸ್ಪತ್ರೆಯ ಪರವಾನಗಿ ಜಿಲ್ಲೆಯ ಕೈಯಲ್ಲಿ. ವೈದ್ಯರ ನೋಂದಣಿ ಬೆಂಗಳೂರಿನ ಕೌನ್ಸಿಲ್ ಕೈಯಲ್ಲಿ. ಕ್ರಿಮಿನಲ್ ಕೇಸು ಪೊಲೀಸರ ಕೈಯಲ್ಲಿ. ಪರಿಹಾರ ಇನ್ನೆಲ್ಲೋ. ಓದು ಬಾರದ, ದಿನಗೂಲಿ ಬಿಟ್ಟು ಬರಬೇಕಾದ ಒಬ್ಬ ತಾಯಿ ಈ ನಾಲ್ಕೂ ಬಾಗಿಲು ತಟ್ಟಬೇಕು ಎಂದರೆ ಹೇಗೆ? ಒಂದು ಕಡೆಯ ತನಿಖೆಯಲ್ಲಿ ಸಿಕ್ಕಿದ್ದು ಇನ್ನೊಂದು ಕಡೆಗೆ ತಾನಾಗಿ ಹೋಗಬೇಕು. ಜಿಲ್ಲಾ ತನಿಖೆಯಲ್ಲಿ ತಪ್ಪು ಕಂಡರೆ ಆ ಕಡತ ನೇರವಾಗಿ ಕೌನ್ಸಿಲ್‌ಗೆ ಹೋಗಬೇಕು. ಅಂಥ ಕಡ್ಡಾಯ ವ್ಯವಸ್ಥೆ ಗಟ್ಟಿಯಾಗಿ ಇಲ್ಲದಿರುವುದೇ ಬಡವರಿಗೆ ಆಗುತ್ತಿರುವ ದೊಡ್ಡ ಅನ್ಯಾಯ.

ಒಪ್ಪಿಗೆ ಪತ್ರದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ಪರೀಕ್ಷೆಗೆಂದು ಒಪ್ಪಿ ಮಲಗಿದ ಮಹಿಳೆಯ ಗರ್ಭಕೋಶ, ಅಂಡಾಶಯ ತೆಗೆದಿದ್ದರು. ಅವರು ಪ್ರಜ್ಞೆ ಇಲ್ಲದಾಗ ತಾಯಿಯಿಂದ ಸಹಿ ಪಡೆದಿದ್ದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಒಪ್ಪಿಗೆ ಅಲ್ಲ, ಏನು ಮಾಡುತ್ತೇವೆ, ಬೇರೆ ದಾರಿ ಏನಿದೆ, ಅಪಾಯ ಏನು ಎಂದು ರೋಗಿಗೇ ತಿಳಿಸಿರಬೇಕು ಎಂದಿತು ನ್ಯಾಯಾಲಯ. ಬೀದರಿನಲ್ಲಿ ಒಂದೇ ವಾರ್ಡಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಮಾತಾಡುವವರು ಮಲಗಿರುತ್ತಾರೆ. ಫಾರಂ ಮಾತ್ರ ಎಷ್ಟೋ ಕಡೆ ಇಂಗ್ಲಿಷಿನಲ್ಲಿ. ಓದಲಾಗದ ಭಾಷೆಯ ಕಾಗದಕ್ಕೆ ಸಹಿ ಪಡೆದಿದ್ದರೆ ದೂರಿನಲ್ಲಿ ಅದನ್ನು ಎತ್ತಿ ಹೇಳಿ.

ಈಗ ಆಸ್ಪತ್ರೆ ಕಟ್ಟಡದ ಮೇಲೆ ಅಧಿಕಾರ ಇರುವವರ ಕಡೆ ಬರೋಣ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ಜನ ಇದನ್ನು ಕೆಪಿಎಂಇ ಎನ್ನುತ್ತಾರೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್ ಎಲ್ಲ ಇದರಡಿ ನೋಂದಾಯಿಸಬೇಕು. ಜಿಲ್ಲೆಯಲ್ಲಿ ಇದಕ್ಕೆ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಅಂದರೆ ಡಿಎಚ್‌ಒ ಸದಸ್ಯ ಕಾರ್ಯದರ್ಶಿ. ಕೌನ್ಸಿಲ್‌ಗೆ ಇಲ್ಲದ್ದು ಇವರಿಗಿದೆ. ಆಸ್ಪತ್ರೆ ಒಳಗೆ ಹೋಗಿ ತಪಾಸಣೆ ಮಾಡಬಹುದು, ದಾಖಲೆ ಕೇಳಬಹುದು, ನೋಂದಣಿ ರದ್ದು ಮಾಡಬಹುದು. 2017ರಲ್ಲಿ ಈ ಕಾಯ್ದೆಯನ್ನು ಬಿಗಿ ಮಾಡಲು ಹೊರಟಾಗ ರಾಜ್ಯದ ಖಾಸಗಿ ವೈದ್ಯರು ನವೆಂಬರ್‌ನಲ್ಲಿ ದೊಡ್ಡ ಮುಷ್ಕರ ಮಾಡಿದ್ದು ನೆನಪಿರಬಹುದು. ಕೊನೆಗೆ ಒಂದಿಷ್ಟು ಸಡಿಲವಾಗಿಯೇ ತಿದ್ದುಪಡಿ ಆಯಿತು. ಆದರೂ ರೋಗಿಗಳ ಹಕ್ಕುಪಟ್ಟಿ ಉಳಿಯಿತು. ಬಿಲ್ಲು ಬಾಕಿ ಇದೆ ಎಂದು ಶವ ಕೊಡದೆ ತಡೆಯುವಂತಿಲ್ಲ ಎಂಬುದೂ ಉಳಿಯಿತು. ಆಸ್ಪತ್ರೆ ಸೌಲಭ್ಯ, ಬಿಲ್ಲು, ದಾಖಲೆ, ಪರವಾನಗಿ ಇಂಥ ದೂರಿಗೆ ಮೊದಲ ಬಾಗಿಲು ನಿಮ್ಮ ಜಿಲ್ಲೆಯ ಈ ಪ್ರಾಧಿಕಾರವೇ. ಬೆಂಗಳೂರಿಗೆ ಆರುನೂರು ಕಿಲೋಮೀಟರ್ ಪ್ರಯಾಣ ಮಾಡುವ ಮೊದಲು ಡಿಎಚ್‌ಒ ಕಚೇರಿಗೆ ಒಂದು ಬರಹದ ದೂರು ಕೊಡಿ, ತಪಾಸಣಾ ವರದಿಯ ಪ್ರತಿ ಕೇಳಿ. ಅದೇ ಮುಂದೆ ಕೌನ್ಸಿಲ್ ಮುಂದೆ ನಿಮ್ಮ ಸಾಕ್ಷಿ ಆಗಬಹುದು.

ತನಿಖೆಯ ಹಲ್ಲು ಎಲ್ಲಕ್ಕಿಂತ ಗಟ್ಟಿ ಇರುವುದು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ. ಅಲ್ಲಿ ಸಕ್ಷಮ ಪ್ರಾಧಿಕಾರ ಯಾರನ್ನಾದರೂ ಸಮನ್ಸ್ ಕೊಟ್ಟು ಕರೆಯಬಹುದು, ಕಾಗದ ತರಿಸಬಹುದು, ಶೋಧ ನಡೆಸಿ ಸ್ಕ್ಯಾನಿಂಗ್ ಯಂತ್ರಕ್ಕೆ ಸೀಲು ಹಾಕಬಹುದು. ನ್ಯಾಯಾಲಯ ಆರೋಪ ನಿಗದಿ ಮಾಡಿದ ಕೂಡಲೇ ಆ ವೈದ್ಯರ ಹೆಸರನ್ನು ರಾಜ್ಯ ಕೌನ್ಸಿಲ್‌ಗೆ ಕಳಿಸಬೇಕು, ಕೇಸು ಮುಗಿಯುವವರೆಗೆ ನೋಂದಣಿ ಅಮಾನತಿಗೆ. ಶಿಕ್ಷೆಯಾದರೆ ಮೊದಲ ಸಲಕ್ಕೆ 5 ವರ್ಷ ರಿಜಿಸ್ಟರ್‌ನಿಂದ ಹೊರಗೆ, ಮತ್ತೆ ಮಾಡಿದರೆ ಶಾಶ್ವತವಾಗಿ. ಜಿಲ್ಲೆ, ಕೋರ್ಟು, ಕೌನ್ಸಿಲ್ ಮೂರನ್ನೂ ಕಾನೂನೇ ಇಲ್ಲಿ ಪೋಣಿಸಿದೆ. ಒಂದು ಅಪರಾಧಕ್ಕೆ ಸಾಧ್ಯವಾದದ್ದು ಅನಗತ್ಯ ಆಪರೇಷನ್‌ಗಳಿಗೂ ಯಾಕೆ ಸಾಧ್ಯವಿಲ್ಲ ಎಂದು ನಾವು ಕೇಳಬೇಕು ಅಲ್ವಾ?

ಇನ್ನು ರಿಜಿಸ್ಟರ್‌ನಲ್ಲಿ ಹೆಸರೇ ಇಲ್ಲದವರು. ಯಾದಗಿರಿಯ ಹಳ್ಳಿಗಳಲ್ಲಿ, ಚಿಂಚೋಳಿ, ಆಳಂದ ಕಡೆ, ಪದವಿ ಇಲ್ಲದೆ ಇಂಜೆಕ್ಷನ್, ಸಲಾಯಿನ್ ಹಾಕುವವರು ಇದ್ದಾರೆ. ಇವರ ಮೇಲೆ ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಟ್ಟು ಪ್ರಯೋಜನವಿಲ್ಲ, ತೆಗೆಯಲು ಹೆಸರೇ ಇಲ್ಲವಲ್ಲ. ಡಿಎಚ್‌ಒ ಮತ್ತು ಪೊಲೀಸರಿಗೇ ದೂರು ಕೊಡಬೇಕು. ಆಯುರ್ವೇದ, ಯುನಾನಿ, ಹೋಮಿಯೋಪತಿ, ದಂತ ವೈದ್ಯರು, ನರ್ಸ್‌ಗಳು ಇವರಿಗೆಲ್ಲ ಬೇರೆಬೇರೆ ಮಂಡಳಿಗಳಿವೆ, ದೂರು ಆಯಾ ಮಂಡಳಿಗೆ ಹೋಗಬೇಕು. ಹೋಮಿಯೋಪತಿ ಕಲಿತವರು ಅಲೋಪತಿ ಔಷಧ ಕೊಟ್ಟು ರೋಗಿ ಸತ್ತ ಪ್ರಕರಣದಲ್ಲಿ, ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಟ್ಟದ್ದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಹೇಳಿತು. ಯಾರ ಬಳಿ ಹೋಗಬೇಕು ಎಂದು ತಿಳಿಯಲು ಚೀಟಿ ನೋಡಿ. ಚೀಟಿ, ರಸೀದಿ, ಸರ್ಟಿಫಿಕೇಟ್, ಕ್ಲಿನಿಕ್ ಎಲ್ಲ ಕಡೆ ನೋಂದಣಿ ಸಂಖ್ಯೆ ಇರಲೇಬೇಕು ಎಂದು ನಿಯಮವಿದೆ. ಆ ಹೆಸರನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು.

ಪೊಲೀಸರ ವಿಷಯ ಚುಟುಕಾಗಿ. ವೈದ್ಯರ ಮೇಲೆ ನಿರ್ಲಕ್ಷ್ಯದ ಕೇಸು ಹಾಕುವ ಮೊದಲು ಬೇರೆ ವೈದ್ಯರ, ಅದರಲ್ಲೂ ಸರ್ಕಾರಿ ವೈದ್ಯರ ಅಭಿಪ್ರಾಯ ಪಡೆಯಬೇಕು, ಸುಮ್ಮಸುಮ್ಮನೆ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿದೆ. ನಿರ್ಲಕ್ಷ್ಯ ತೀರಾ ಗಂಭೀರವಾಗಿರಬೇಕು ಎಂದೂ ಹೇಳಿದೆ. ಹಾಗಾಗಿ ಠಾಣೆಯಲ್ಲಿ ಕೂಡಲೇ ಎಫ್‌ಐಆರ್ ಆಗಲಿಲ್ಲ ಎಂದರೆ ಪೊಲೀಸರು ಡಾಕ್ಟರಿಗೆ ಶಾಮೀಲಾದರು ಎಂದೇ ಅರ್ಥವಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಬೇರೆಯವರಿಗೆ 5 ವರ್ಷದವರೆಗೆ ಶಿಕ್ಷೆ, ನೋಂದಾಯಿತ ವೈದ್ಯರಿಗೆ ಚಿಕಿತ್ಸೆ ವೇಳೆಯ ಸಾವಾದರೆ 2 ವರ್ಷದವರೆಗೆ.

ಈ ರಕ್ಷಣೆಗಳು ಇರಬೇಕು ಎಂದೇ ನಾನೂ ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಹಾವು ಕಚ್ಚಿದವರನ್ನೋ, ಹೆರಿಗೆಯಲ್ಲಿ ರಕ್ತ ನಿಲ್ಲದ ಬಾಣಂತಿಯನ್ನೋ ಎತ್ತಿಕೊಂಡು ಬಂದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಇರುವುದು ಒಬ್ಬರೇ ಡಾಕ್ಟರು. ಎಷ್ಟು ಮಾಡಿದರೂ ಕೆಲವರು ಉಳಿಯುವುದಿಲ್ಲ. ಕೆಟ್ಟ ಫಲಿತಾಂಶ ಬೇರೆ, ಕೆಟ್ಟ ಚಿಕಿತ್ಸೆ ಬೇರೆ. ಕೌನ್ಸಿಲ್ ನೋಡಬೇಕಾದದ್ದು ಎರಡನೆಯದನ್ನು. ವೈದ್ಯರಿಗೆ ನೋಟಿಸ್, ಉತ್ತರ, ವಕೀಲರು ಎಲ್ಲ ಸಿಗಲೇಬೇಕು. ಅಷ್ಟೇ ಗಟ್ಟಿಯಾಗಿ ರೋಗಿಯ ಕಡೆಯ ಸಾಕ್ಷಿ ಹುಡುಕುವವರೂ ಇರಬೇಕು ಎಂಬುದು ನನ್ನ ಮಾತು.

ದುಡ್ಡಿನ ಪರಿಹಾರ ಬೇಕಾದರೆ ಗ್ರಾಹಕ ಆಯೋಗ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಘಟನೆಯಾದ 2 ವರ್ಷದೊಳಗೆ ಹಾಕಬೇಕು. ನೀವು ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆ ಮಾತ್ರ ಇದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿನ ರೋಗಿಗಳಿಗೆ ಕೌನ್ಸಿಲ್ ದಾರಿ ಇನ್ನೂ ಮುಖ್ಯ, ಯಾಕೆಂದರೆ ಸರ್ಕಾರಿ ವೈದ್ಯರ ನೋಂದಣಿಯೂ ಅದೇ ರಿಜಿಸ್ಟರ್‌ನಲ್ಲಿದೆ.

ನಮ್ಮ ಮೂರು ಜಿಲ್ಲೆಗಳದ್ದೇ ಆದ ಒಂದು ಸಮಸ್ಯೆ ಗಡಿ. ಬೀದರಿನವರು ದೊಡ್ಡ ಕಾಯಿಲೆ ಎಂದರೆ ಹೈದರಾಬಾದ್ ಬಸ್ಸು ಹತ್ತುತ್ತಾರೆ. ಅಫಜಲಪುರ, ಆಳಂದದವರು ಸೋಲಾಪುರಕ್ಕೆ ಹೋಗುತ್ತಾರೆ. ಗಡಿ ದಾಟಿದ ಕೂಡಲೇ ಕೌನ್ಸಿಲ್ ಬದಲಾಗುತ್ತದೆ. ಹೈದರಾಬಾದಿನ ವೈದ್ಯರ ಮೇಲಿನ ದೂರು ತೆಲಂಗಾಣ ಮೆಡಿಕಲ್ ಕೌನ್ಸಿಲ್‌ಗೆ, ಸೋಲಾಪುರದವರ ಮೇಲಿನದು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ಗೆ. ನಮ್ಮ ಕೆಪಿಎಂಇ ಕಾಯ್ದೆ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಗ್ರಾಹಕ ದೂರನ್ನು 2019ರ ಕಾಯ್ದೆಯ ಪ್ರಕಾರ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು. ಹೈದರಾಬಾದಿನಲ್ಲಿ ಚಿಕಿತ್ಸೆ ಪಡೆದ ಬೀದರಿನವರು ಬೀದರಿನಲ್ಲೇ ಕೇಸು ನಡೆಸಬಹುದು. ಗಡಿ ದಾಟುವವರಿಗೆ ಇದು ದೊಡ್ಡ ಅನುಕೂಲ. ಡಿಸ್ಚಾರ್ಜ್ ಆಗಿ ಬರುವ ದಿನವೇ ಪೂರ್ತಿ ಕೇಸ್ ಶೀಟ್ ಪ್ರತಿ ಕೇಳಿ ಬರೆದುಕೊಟ್ಟು ಬಂದರೆ ಮತ್ತೆ ಅಷ್ಟು ದೂರ ಓಡಾಡುವುದು ತಪ್ಪುತ್ತದೆ.

ಕೊನೆಗೆ ಮೇಲ್ಮನವಿ. ಕೌನ್ಸಿಲ್ ತೀರ್ಪಿನಿಂದ ನೊಂದ ವೈದ್ಯರು ದೆಹಲಿಯ ನೀತಿ ಮಂಡಳಿಗೆ ಹೋಗಬಹುದು, ಅಲ್ಲಿಯೂ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಆಯೋಗಕ್ಕೆ ಹೋಗಬಹುದು. ರೋಗಿ? 2002ರ ನಿಯಮಗಳಲ್ಲಿ ತೀರ್ಪಿನಿಂದ ನೊಂದ ಯಾರಾದರೂ 60 ದಿನದಲ್ಲಿ ಮೇಲ್ಮನವಿ ಹಾಕಬಹುದು ಎಂದಿತ್ತು. 2019ರ ಕಾಯ್ದೆಯ 30ನೇ ಕಲಂ ವೈದ್ಯರನ್ನು ಮಾತ್ರ ಹೆಸರಿಸಿತು, ರೋಗಿಯ ಮಾತೇ ಎತ್ತಲಿಲ್ಲ. ಇದನ್ನೇ ಹಿಡಿದು ರೋಗಿಗಳ ಮೇಲ್ಮನವಿಗಳನ್ನು ವಾಪಸ್ ಕಳಿಸಿದ್ದೂ ಉಂಟು, ಅದರ ಮೇಲೆ ದೊಡ್ಡ ವಿವಾದವೂ ನಡೆದಿದೆ. ಕಾಯ್ದೆಯಲ್ಲೇ ಒಂದು ಸಾಲು ಸೇರಿಸಿದರೆ ಸರಿಹೋಗುವ ವಿಷಯವಿದು. ಹಾಗೆ ವಾಪಸ್ ಬಂದರೂ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿ ಮುಚ್ಚುವುದಿಲ್ಲ. ನಮ್ಮ ಭಾಗಕ್ಕೆ 2008ರಲ್ಲಿ ಬಂದ ಹೈಕೋರ್ಟ್ ಪೀಠ 2013ರಿಂದ ಕಲಬುರಗಿಯಲ್ಲಿ ಕಾಯಂ ಆಗಿದೆ. ಘಟನೆ ಇಲ್ಲಿ ನಡೆದಿದ್ದರೆ ಅರ್ಜಿಯನ್ನು ಇಲ್ಲಿಯೇ ಹಾಕಬಹುದೇ ಎಂದು ವಕೀಲರನ್ನು ಮೊದಲ ಭೇಟಿಯಲ್ಲೇ ಕೇಳಿ. ಕೌನ್ಸಿಲ್ ಆದೇಶದ ಪ್ರತಿ ಕೈಗೆ ಬಂದ ತಾರೀಖನ್ನು ಲಕೋಟೆ ಸಮೇತ ಜೋಪಾನವಾಗಿಡಿ. 60 ದಿನ ಎಣಿಸುವುದು ಆದೇಶ ನಿಮಗೆ ಮುಟ್ಟಿದ ದಿನದಿಂದ.